ಸೇಸಪ್ಪನ ಲೋ ಶುಗರ್

ಗಲ್ಫಿನ ಮಂಗಫ್ ಊರಿನಲ್ಲಿದ್ದ ಸೇಸಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಆರು ತಿಂಗಳಾಗಿತ್ತು. ನಾಲಗೆಗೆ ಜಿಲೇಬಿ ತಾಗದೆಯೂ ಆರೇ ತಿಂಗಳು. ಹೆಂಡತಿ ರತ್ನಾವತಿಯ ಕಾವಲು ಹಾಗಿತ್ತು. ಅವನು ಕೆಲಸ ಮಾಡುವ ರಿಫೈನರಿಯ ಗೇಟಿನಲ್ಲಾದರೂ ಪಾಸ್ ತೋರಿಸಿದರೆ ಒಳಗೆ ಬಿಡುತ್ತಾರೆ, ಅವಳ ಅಡುಗೆಮನೆಯ ಡಬ್ಬಿಗಳ ಹತ್ತಿರ ಯಾವ ಪಾಸೂ ನಡೆಯುತ್ತಿರಲಿಲ್ಲ.

ಮೊನ್ನೆ ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿ, "ಸಕ್ಕರೆ ತೀರಾ ಇಳಿದರೆ ಕೈ ನಡುಗುತ್ತದೆ. ಕೂಡಲೇ ಸಿಹಿ ಕೊಡಬೇಕು. ಎಂಥಾ ಸಿಹಿ ಅಂದರೆ..." ಎಂದು ಏನೇನೋ ಹೇಳಿದ್ದರು. ಮುಂದಿನದು ಸೇಸಪ್ಪನ ಕಿವಿಗೆ ಬೀಳಲಿಲ್ಲ. ಅವನ ಮನಸ್ಸು ಆಗಲೇ ಜಿಲೇಬಿ ಬಾಣಲೆಯ ಮುಂದೆ ಹೋಗಿ ಕೂತಿತ್ತು.

ಶುಕ್ರವಾರ ಮೈದಾನ್ ಹವಲ್ಲಿ ಎಂಬಲ್ಲಿ ಗೆಳೆಯ ಧನರಾಜನ ಮನೆಯಲ್ಲಿ ಅವನ ಮಗಳ ಹುಟ್ಟುಹಬ್ಬ. ಊಟ ಮುಗಿದು ಜಿಲೇಬಿಯ ತಟ್ಟೆ ಬಂದದ್ದೇ ತಡ, ಸೇಸಪ್ಪ ಸೋಫಾಕ್ಕೆ ಒರಗಿ ಕೈ ನಡುಗಿಸತೊಡಗಿದ. ಉತ್ಸಾಹ ಹೆಚ್ಚಾಗಿ ಕಾಲನ್ನೂ ನಡುಗಿಸಿದ.

"ರತ್ನಾ... ಶುಗರ್ ಲೋ..."

"ಅಯ್ಯೋ, ಎಂತಾಯ್ತು ಸೇಸಪ್ಪಣ್ಣ!" ಧನರಾಜ ಜಿಲೇಬಿಯೊಂದನ್ನು ಹಿಡಿದು ಓಡಿಬಂದ. ಸೇಸಪ್ಪ ಕಣ್ಣು ಮುಚ್ಚಿ ಬಾಯಿ ತೆರೆದ.

"ಅಂಕಲ್, ಸ್ಟಾಪ್!" ರಜೆಗೆ ಬಂದಿದ್ದ ಸೇಸಪ್ಪನ ಮಗಳು ತೃಪ್ತಿ ಕೂಗಿದಳು. ಅವಳು ಓದುತ್ತಿದ್ದದ್ದು ಫಾರ್ಮಸಿ. "ಜಿಲೇಬಿ ವರ್ಕ್ ಆಗುದಿಲ್ಲ. ಸಕ್ಕರೆ ಒಡೆಯಲಿಕ್ಕೆ ಕರುಳಲ್ಲಿ ಎಂಜೈಮ್ ಉಂಟಲ್ಲ, ಅದರಲ್ಲಿ ಸಕ್ಕರೆ ಕೂರುವ ಜಾಗದಲ್ಲಿ ಪಪ್ಪನ ಹೊಸ ಮಾತ್ರೆ ಹೋಗಿ ಕೂತಿದೆ."

"ಕಂಪೆನಿ ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗಾ?" ಧನರಾಜ ಕೇಳಿದ.

"ಹಾಗೇ. ಗ್ಲೂಕೋಸ್ ಪುಡಿ ಆದ್ರೆ ಒಡೆಯಲಿಕ್ಕೇ ಇಲ್ಲ, ಸೀದಾ ರಕ್ತಕ್ಕೆ ಹೋಗ್ತದೆ."

"ಒಂದು ಚೂರು ಟ್ರೈ ಮಾಡಿ ನೋಡುವ..." ಸಾಯುತ್ತಿದ್ದವನು ಸಲಹೆ ಕೊಟ್ಟ.

ಯಾರೂ ಕೇಳಲಿಲ್ಲ. ಜಿಲೇಬಿ ತಟ್ಟೆಗೆ ಮರಳಿತು, ದೊಡ್ಡ ಲೋಟದ ತುಂಬ ಗ್ಲೂಕೋಸ್ ನೀರು ಬಂತು. ಅದು ಮುಗಿದ ಮೇಲೆ ಇನ್ನೊಂದು ಲೋಟ. ಅಷ್ಟರಲ್ಲಿ ರತ್ನಾವತಿ ರೇಷ್ಮೆ ಸೀರೆ ಎತ್ತಿ ಹಿಡಿದು ಬರಿಗಾಲಲ್ಲೇ ಮೂರು ಮಹಡಿ ಇಳಿದು, ಕಾರಿನಲ್ಲಿದ್ದ ಶುಗರ್ ನೋಡುವ ಮೆಷಿನ್ ತಂದಳು. ಬೆರಳಿಗೆ ಸೂಜಿ ಚುಚ್ಚಿದರೆ ಇನ್ನೂರ ನಲವತ್ತು!

"ಗ್ಲೂಕೋಸ್ ಕುಡಿದು ಐದು ನಿಮಿಷ ಆಗಿಲ್ಲ ಮಮ್ಮಿ, ಅಷ್ಟರಲ್ಲಿ ಇಷ್ಟು ಏರ್ಲಿಕ್ಕಿಲ್ಲ," ಎಂದಳು ತೃಪ್ತಿ. "ಪಪ್ಪನಿಗೆ ಲೋ ಆಗಿಯೇ ಇರ್ಲಿಲ್ಲ."

ಸೇಸಪ್ಪನ ಕೈಯ ನಡುಕ ತಾನಾಗಿ ನಿಂತಿತು. ಬಂದವರೆಲ್ಲ ನೋಡುತ್ತಿದ್ದರು. ರತ್ನಾವತಿಗೆ ಏದುಸಿರು, ಕಣ್ಣ ತುಂಬ ನೀರು.

"ನನ್ನ ಜೀವವೇ ಹಾರಿ ಹೋಗಿತ್ತು ಮಾರಾಯ್ರೆ! ಜಿಲೇಬಿ ಬೇಕಿದ್ರೆ ಬಾಯಿ ಬಿಟ್ಟು ಕೇಳ್ಬಾರ್ದಾ?"

ಸೇಸಪ್ಪನಿಗೆ ನಾಚಿಕೆಯಾಯಿತು. ಆದರೂ ಆಸೆ ಬಿಡಬೇಕಲ್ಲ.

"ಕೇಳಿದ್ರೆ ಕೊಡ್ತಿದ್ದಿಯಾ?"

ರತ್ನಾವತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಇಲ್ಲ," ಎಂದಳು.