ಎದ್ದರೆ ನಿಲ್ಲುವ ಗಾಡಿ

ಹತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡದೆ ಮುಂದಡಿಯಿಡುವುದು ನಮ್ಮ ಆಸ್ಪತ್ರೆಯ ತೋಟಗಾರರ ಜಾಯಮಾನವೇ ಅಲ್ಲ. ಇಪ್ಪತ್ತೆಂಟು ವರ್ಷ ಹುಲ್ಲು ಕತ್ತರಿಸುವ ತಳ್ಳುಯಂತ್ರದ ಹಿಂದೆ ನಡೆದು, ಗೆರೆ ನೇರವಾಗಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಿದ ಫಲವಾಗಿ ಆ ಅಭ್ಯಾಸ ಅವರ ನಡಿಗೆಯಲ್ಲೇ ಬೇರೂರಿತ್ತು. ಮಗಳ ಮದುವೆಯಲ್ಲಿ ಅತಿಥಿಗಳನ್ನು ಎದುರುಗೊಳ್ಳುವಾಗಲೂ ಕತ್ತು ತಾನಾಗಿ ಹಿಂದಕ್ಕೆ ಹೊರಳುತ್ತಿತ್ತಂತೆ. ದಾದಿಯರು ಅವರಿಗಿಟ್ಟ ಹೆಸರು ಹುಲ್ಲಪ್ಪ. ಅದಕ್ಕೆ ಅವರು ಓಗೊಡುತ್ತಲೂ ಇದ್ದರು.

ಮಂಡಿ ಸವೆದ ಮೇಲೆ, ಕೂತು ಓಡಿಸುವ ಯಂತ್ರ ಕೊಳ್ಳಲು ಅಧೀಕ್ಷಕರು ಒಪ್ಪಿದರು. ಜೊತೆಗೆ ಒಂದು ಮಾತು ಸೇರಿಸಿದರು. "ಒಂದು ತಿಂಗಳು ನೋಡೋಣ. ಆಗದಿದ್ರೆ ಹುಲ್ಲಿನ ಕೆಲಸ ಹೊರಗಿನವರಿಗೆ ಕೊಡ್ತೀವಿ, ನೀವು ಗೇಟಲ್ಲಿ ಕೂತು ಪಾಸು ನೋಡ್ಕೊಳ್ಳಿ." ಪಾಸು ಎಂಬ ಶಬ್ದ ಕೇಳಿಯೇ ಹುಲ್ಲಪ್ಪನವರ ಮುಖ ಬಾಡಿಹೋಯಿತು.

ಯಂತ್ರ ಆರಿಸಲು ಹೋದ ದಿನ, ಕಚೇರಿಯ ಕಾಗದಪತ್ರ ಹೊತ್ತು ನಾನೂ ಜೊತೆಗಿದ್ದೆ. ಅಂಗಡಿಯಾತ ಭಾರಿ ಗಾಡಿಯೊಂದರ ಗುಣಗಾನದಲ್ಲಿ ಮೈಮರೆತಿದ್ದಾಗ ಇವರು ಮಾಸಿದ ಖಾಕಿ ಕೋಟಿನ ಜೇಬಿನಿಂದ ಗಂಟು ಹಾಕಿದ ದಾರವೊಂದನ್ನು ತೆಗೆದು ಅದರ ಅಗಲಕ್ಕೆ ಹಿಡಿದರು. ಹೆರಿಗೆ ವಾರ್ಡಿನ ಮುಂದಿರುವ ಎರಡು ಮರಗಳ ನಡುವಿನ ಸಂದಿನ ಅಳತೆ ಅದು.

"ಇದು ನುಗ್ಗಲ್ಲ."

"ಒಂದು ಮರ ಕಡಿಸ್ಬಿಡಿ ಸಾರ್," ಎಂದ ಆತ. ಹುಲ್ಲಪ್ಪನವರು ನೋಡಿದ ನೋಟಕ್ಕೆ ತೆಪ್ಪಗೆ ಚಿಕ್ಕ ಗಾಡಿಯ ಹೊದಿಕೆ ಸರಿಸಿದ.

ಗಾಡಿ ಬಂದಿಳಿದು, ಎಣ್ಣೆ ಹಾಕಿ ಬ್ಯಾಟರಿ ಜೋಡಿಸಿ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಿರುವಾಗ, ಇವರು ಅಳತೆಪಟ್ಟಿ ಹಿಡಿದು ನೆಲದ ಮೇಲೆ ಅಂಗಾತ ಮಲಗಿ, ಅಲಗು ಎಡಕ್ಕೆ ಒಂದು ಕಾಳಿನಷ್ಟು ತಗ್ಗಿದೆಯೆಂದು ಸಾಧಿಸಿದರು. ಎಡಗಡೆಯ ಹಿಂದಿನ ಚಕ್ರಕ್ಕೆ ಗಾಳಿ ತುಂಬಿದ ಮೇಲೆ ಅಲಗು ಸಮವಾಗಿ, ಅವರ ಮಾತೇ ನಿಜವಾಯಿತು.

ಪೀಕಲಾಟ ಶುರುವಾದದ್ದು ಆಮೇಲೆ. ಸವಾರ ಎದ್ದರೆ ಎಂಜಿನ್ ನಿಲ್ಲಲೆಂದು ಸೀಟಿನಡಿ ಒಂದು ಸ್ವಿಚ್ಚಿತ್ತು. ಇವರಿಗೋ ಕತ್ತು ಹೊರಳಿಸಿದರೆ ಸಾಲದು, ಗೆರೆ ಕಾಣಲೆಂದು ಅರ್ಧ ಎದ್ದೇ ಬಿಡುವರು. ಗಾಡಿ ಗಕ್ಕನೆ ನಿಲ್ಲುವುದು. ಕಿಟಕಿಗಳಲ್ಲಿ ರೋಗಿಗಳು ನೋವು ಮರೆತು ನಕ್ಕರು. ಸ್ವಿಚ್ಚಿಗೆ ತಂತಿ ಸುತ್ತಿ ಸುಮ್ಮನಾಗಿಸುತ್ತೇನೆಂದು ಮೆಕ್ಯಾನಿಕ್ ಮುಂದೆ ಬಂದ.

"ಬೇಡಪ್ಪಾ. ಬಿದ್ರೆ ಕಾಲು ಹೋಗುತ್ತೆ, ಅದಕ್ಕೇ ಇಟ್ಟಿರೋದು."

ಮನೆಯಲ್ಲಿ ಅವರ ಹೆಂಡತಿ ತಾಲೀಮು ಆರಂಭಿಸಿದರು. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನ ಹಿಂದೆ ನಿಂತು ಪಾತ್ರೆ ಬಡಿಯುವುದು. "ಏಳ್ಬೇಡ್ರೀ! ಎದ್ರೆ ಇವತ್ತು ಊಟ ಇಲ್ಲ, ಹೇಳ್ಬಿಟ್ಟಿದ್ದೀನಿ!" ಮೊದಲ ಮೂರು ದಿನ ಹುಲ್ಲಪ್ಪನವರು ಆಸ್ಪತ್ರೆಯ ಕ್ಯಾಂಟೀನಿನಲ್ಲೇ ಉಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಿಂಗಳ ಕೊನೆಗೆ ಅಧೀಕ್ಷಕರು ಹುಲ್ಲುಹಾಸಿನ ಅಂಚಿಗೆ ಬಂದು ನಿಂತರು. ಹುಲ್ಲಪ್ಪನವರು ಹಲ್ಲು ಕಚ್ಚಿ, ಆ ತುದಿಯಿಂದ ಈ ತುದಿಯವರೆಗೆ ಒಮ್ಮೆಯೂ ಏಳದೆ ಗಾಡಿ ಓಡಿಸಿದರು. "ಭೇಷ್! ಗೇಟಿಗೆ ಬೇರೆಯವರನ್ನ ನೋಡ್ತೀನಿ," ಎಂದರು ಅಧೀಕ್ಷಕರು. ನಮಗೆಲ್ಲ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಕೆಳಗಿಳಿದು ಗೆರೆಯನ್ನು ನೋಡಿದ ಪುಣ್ಯಾತ್ಮ ಬಾಯಿಬಿಟ್ಟರು.

"ಸಾರ್, ಸೊಟ್ಟ ಆಗಿದೆ."

ಕೈಗೆ ಬಂದ ಕೆಲಸವನ್ನು ಈ ಮನುಷ್ಯ ತಾವೇ ಚೆಲ್ಲುತ್ತಿದ್ದಾರಲ್ಲ ಎಂದು ನನಗೆ ಸಿಟ್ಟೇ ಬಂತು. ಅಧೀಕ್ಷಕರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿದರು.

"ಎಲ್ಲಿ?"

"ಮಧ್ಯದಲ್ಲಿ. ಎರಡು ಬೆರಳು."

"ನಂಗೇನೂ ಕಾಣ್ತಿಲ್ಲ."

"ಇದೆ ಸಾರ್."

ಅಧೀಕ್ಷಕರು ಹುಲ್ಲನ್ನೂ ಇವರನ್ನೂ ನೋಡಿದರು. "ಹಾಗಾದ್ರೆ ಕಾಣೋರೇ ನೋಡ್ಕೊಳ್ಳಿ," ಎಂದು ಹೊರಟರು. ನಾವು ಅಭಿನಂದಿಸಲು ಹತ್ತಿರ ಹೋಗುವ ಹೊತ್ತಿಗೆ ಹುಲ್ಲಪ್ಪನವರು ಅದೇ ಗೆರೆಗೆ ಗಾಡಿ ತಿರುಗಿಸಿಯಾಗಿತ್ತು.

ತಮ್ಮ ಕೆಲಸದ ಊನವನ್ನು ತಾವೇ ಬಯಲಿಗೆಳೆಯುವ ಇಂಥವರೊಡನೆ ಏಗುವುದು ಸುಲಭವಲ್ಲ. ಅವರ ಮಡದಿಯರನ್ನು ಕೇಳಬೇಕು. ಪ್ರಶಂಸೆ ಅವರಿಗೆ ರುಚಿಸದು, ಅಭಯ ಅವರಿಗೆ ತಾಗದು. ಆದರೂ ನಾವು ಯೋಚನೆಯೇ ಇಲ್ಲದೆ ಹತ್ತಿಳಿಯುವ ಮೆಟ್ಟಿಲನ್ನು, ನಿಶ್ಚಿಂತೆಯಿಂದ ಬೆನ್ನು ಒರಗಿಸುವ ಗೋಡೆಯನ್ನು ಇಂಥವರು ಯಾರೋ, ಎಲ್ಲರೂ ಸರಿಯಾಗಿದೆಯೆಂದು ಹೇಳಿ ಹೋದ ಮೇಲೆ, ಒಬ್ಬರೇ ಉಳಿದು ಇನ್ನೊಮ್ಮೆ ತಿದ್ದಿರುತ್ತಾರೆ.