ಎರಡೂ ಕೈ ಬಿಟ್ಟು

ಖವೆ ಹುರಿಯುವ ವಾಸನೆ, ಅಲ್ಲ, ಆಟೋದ ಎಣ್ಣೆ ಸುಟ್ಟ ವಾಸನೆ ಇದು, ಆದರೂ ಮೂಗು ಪೇಢೆ ಪೇಢೆ ಎನ್ನುತ್ತಿದೆ, ಕಿವಿಗೆ ಬಿದ್ದದ್ದು ಮೂಗಿಗೂ ಬಿದ್ದಿರಬೇಕು — ಬಾಯಾರ, ಮಗಾ ನಿಂತಾನ, ಮದ್ಲ ಪೇಢೆ ಹಂಚ್ರಿ, ಎಂದಿದ್ದ ಹೊರಡುವಾಗ ವಾರ್ಡ್ ಆಫೀಸಿನ ಗುಮಾಸ್ತ ಶಶಿಕಾಂತ, ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ವರ್ಗ ಮಾಡುತ್ತ, ಆ ಆಫೀಸಿನಲ್ಲಿ ಅರ್ಜಿಯಿಲ್ಲದೆ ಆಗುವ ವರ್ಗ ಅದೊಂದೇ. ಇನ್ನೊಂದು ದಿನವಾಗಿದ್ದರೆ ಸುಮೇಧಾ ಈಗಲೇ ಗಲ್ಲ ಉಬ್ಬಿಸಿ ಅವನ ಹಾಗೆ ಮಾಡಿ ತೋರಿಸುತ್ತಿದ್ದಳು, ಮಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮಗ ಪಕ್ಕದಲ್ಲೇ ಇದ್ದಾನೆ, ಒಂಬತ್ತು ವರ್ಷದ ಏಕನಾಥ, ಮನೆಯವರಿಗೆಲ್ಲ ಏಕು, ಆಟೋ ಕುಲುಕಿದಾಗೆಲ್ಲ ಅವಳ ಮೈಗೆ ಒರಗುವವನು ಇವತ್ತು ಆಚೆಯ ಸರಳು ಹಿಡಿದು ಹೊರಗೆ ನೋಡುತ್ತಿದ್ದಾನೆ. ಹುಟ್ಟುವಾಗ ಅಳು ತಡವಾಗಿ ಬಂತು, ಕಾಲುಗಳು ಆ ತಡವನ್ನು ಇನ್ನೂ ಮರೆತಿಲ್ಲ, ನಾಲಿಗೆ ಮಾತ್ರ ತಾಯಿಯದೇ, ಆಯಿ, ಶಶಿಕಾಂತ ಕಾಕಾನ್ನ ಮಾಡು, ಆಯಿ, ಗಣಿತದ ಸರ್‌ನ ಮಾಡು. ಈಗ ಆಯಿ ಎನ್ನುವುದೂ ಇಲ್ಲ. ಹಸಿವಾತೇನೋ? ಇಲ್ಲ. ನೀರು? ಇಲ್ಲ. ಎಲ್ಲ ಆ ವ್ಯಾನಿನಿಂದ, ಎಂದರೆ ವ್ಯಾನು ಬರದೇ ಹೋದದ್ದರಿಂದ — ಪಾಲಿಕೆಯ ಬಿಳಿ ವ್ಯಾನು, ಇಂಥ ಮಕ್ಕಳನ್ನು ಓಣಿ ಓಣಿಯಿಂದ ಹತ್ತಿಸಿಕೊಂಡು ಹುಬ್ಬಳ್ಳಿಯ ವ್ಯಾಯಾಮ ಕೇಂದ್ರಕ್ಕೆ ಒಯ್ದು ಸಂಜೆಗೆ ತಂದು ಬಿಡುತ್ತಿತ್ತು, ದೀಪಾವಳಿಯಾದ ಮೇಲೆ ಇವರಿರುವ ಸಪ್ತಾಪುರದ ಕಡೆ ಮುಖ ಹಾಕಲಿಲ್ಲ. ಬಸ್ಸಿಗೆ ಇವನನ್ನು ಎತ್ತಿ ಹತ್ತಿಸುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿಬಿಡುತ್ತಾನೆ, ಒಮ್ಮೆ ಹಿಡಿದುಕೊಂಡ ಅವಳ ಸೊಂಟ ಇನ್ನೂ ಬಿಟ್ಟಿಲ್ಲ, ಕೇಂದ್ರ ತಪ್ಪಿತು, ತಪ್ಪಿಸಬ್ಯಾಡ್ರಿ, ಕಾಲು ಮತ್ತ ಸೆಟದು ಕಟಗಿ ಆಗ್ತಾವು ಎಂದಿದ್ದರು ಅಲ್ಲಿ ವ್ಯಾಯಾಮ ಕಲಿಸುವ ಬಾಯಾರು. ಅದಕ್ಕೇ ತಕರಾರು ಕೊಟ್ಟದ್ದು. ಹಿಂದಿನ ಓಣಿಯ ಮಾಳವ್ವ ಮಗಳು ದುರ್ಗಾಳನ್ನು ಟೊಂಕದ ಮೇಲೆ ಹೊತ್ತುಕೊಂಡು ಬಂದು, ನೀವ ಮಾತಾಡ್ರಿ ಅಕ್ಕಾರ, ನಿಮಗ ಛಲೋ ಮಾತ ಬರ್ತಾವು ಎಂದು ಮುಂದೆ ಮಾಡಿದಳು, ಇವಳೂ ಮುಂದಾದಳು, ಡೀಸೆಲ್ ಇಲ್ರಿ, ಡೀಸೆಲ್ ಇದ್ರ ಡ್ರೈವರ್ ಇಲ್ರಿ, ಎರಡೂ ಇದ್ರ ಸಾಹೇಬ್ರ ಇಲ್ರಿ ಎಂದು ಶಶಿಕಾಂತನ ದನಿಯಲ್ಲೇ ಹೇಳಿದಳು, ಸಭೆಯೆಲ್ಲ ನಕ್ಕಿತು, ಶಶಿಕಾಂತನೂ ನಕ್ಕ, ಅಹವಾಲು ಸಭೆಯಲ್ಲಿ ಹವಾ ಅವಳದೇ. ಉತ್ತರವೂ ಬಂತು: ವ್ಯಾನು ಮತ್ತೆ ಬರುತ್ತದೆ, ಆದರೆ ಆಸರೆಯಿಲ್ಲದೆ ನಿಲ್ಲಲಾಗದ ಮಕ್ಕಳಿಗೆ ಮಾತ್ರ, ಡಾಕ್ಟರ್ ಸಾಹೇಬರು ವಾರ್ಡ್ ಆಫೀಸಿಗೆ ಬಂದು ಒಬ್ಬೊಬ್ಬರನ್ನೂ ಹೊಸದಾಗಿ ನೋಡುತ್ತಾರೆ.

ನೋಡಲಿ, ನೋಡಿದರೇನು, ಏಕು ಎಂದೂ ಎರಡೂ ಕೈ ಬಿಟ್ಟವನಲ್ಲ. ಸಂಜೆಯ ಆಟ ಅದು — ಮಂಚದ ಅಂಚು ಹಿಡಿದು ಅವನು, ಎದುರಿಗೆ ಸ್ಟೂಲಿನ ಮೇಲೆ ಸಾಹೇಬರಾಗಿ ಅವಳು, ಹಿಂದೊಮ್ಮೆ ಶಿಬಿರದಲ್ಲಿ ಆ ಡಾಕ್ಟರನ್ನು ಕಂಡಿದ್ದಳು, ಒಮ್ಮೆ ಕಂಡರೆ ಸಾಕು ಅವಳಿಗೆ, ಮೂಗಿನಿಂದ ಹೊರಡುವ ದನಿ, ಮಾತಿಗೆ ಮೊದಲು ಎರಡು ಕೆಮ್ಮು, ಹ್ಞಂ ಹ್ಞಂ, ಏಳಪಾ ತಮ್ಮಾ, ನಿಲ್ಲು ನೋಡೂಣು — ಆ ದನಿ ಬಂತೆಂದರೆ ಏಕು ನಕ್ಕು ನಕ್ಕು ಏಳುತ್ತಿದ್ದ, ನಗುವೇ ಕಂಕುಳಿಗೆ ಕೈಹಾಕಿ ಎತ್ತಿದ ಹಾಗೆ, ಒಂದು ಕೈ ಬಿಡುತ್ತಿದ್ದ, ಇನ್ನೊಂದೂ ಬಿಡೋ ಎಂದರೆ ಮಂಚಕ್ಕೆ ಕುಸಿಯುತ್ತಿದ್ದ, ವ್ಯಾನಿಲ್ಲದ ದಿನಗಳನ್ನು ನಕಲಿನ ಮೇಲೆ ನೂಕುತ್ತಿದ್ದೇನೆಂದು ಎಷ್ಟು ಹೆಮ್ಮೆ ಅವಳಿಗೆ. ಬೆಳಿಗ್ಗೆ ತಲೆ ಬಾಚುವಾಗ ಹೇಳಿದ್ದಳು, ಇವತ್ತ ಏಳಬ್ಯಾಡ ಹಾಂ, ಸಾಹೇಬ್ರು ಏನಂದ್ರೂ ಕೂತಿರು. ಯಾಕ? ವ್ಯಾನ್ ಬೇಕಿಲ್ಲೇನ ನಿನಗ? ಬೇಕು. ಮತ್ತ? ಹೂಂ. ಪಾಪ, ಹೂಂ ಎಂದಿದ್ದ, ವಾರ್ಡ್ ಆಫೀಸಿನ ಕುರ್ಚಿಯಲ್ಲಿ ಕೂತೂ ಇದ್ದ, ಸಾಹೇಬರು ಕೆಮ್ಮುವ ತನಕ. ಒಂದು ಕೆಮ್ಮು, ಎರಡು — ಏಕು ತಟ್ಟನೆ ತಾಯಿಯ ಮುಖ ನೋಡಿದ, ಅವಳ ಬಾಯಿ ಮುಚ್ಚಿಯೇ ಇದೆ, ದನಿ ಮೇಜಿನ ಆಚೆಯಿಂದ ಬರುತ್ತಿದೆ, ಏಳಪಾ ತಮ್ಮಾ, ನಿಲ್ಲು ನೋಡೂಣು, ಅಕ್ಷರ ತಪ್ಪದೆ — ನಗು ಉಕ್ಕಿ ಬಂತು ಅವನಿಗೆ, ಮೇಜಿನ ಗಾಜಿನ ಮೇಲೆ ಎರಡೂ ಅಂಗೈ ಊರಿದ, ಎದ್ದ, ಒಂದು ಕೈ ಬಿಟ್ಟ, ಆಮೇಲೆ ಇನ್ನೊಂದು, ಮಂಚವಿಲ್ಲ, ಗೋಡೆಯಿಲ್ಲ, ಯಾರ ಸೆರಗೂ ಇಲ್ಲ, ನಿಂತ, ಮೊಣಕಾಲು ನಡುಗುತ್ತಿವೆ, ನಿಂತೇ ಇದ್ದಾನೆ, ಬಾಯ್ತುಂಬ ನಗುತ್ತ ಅವಳನ್ನೇ ನೋಡುತ್ತಿದ್ದಾನೆ, ಕೆಳಗೆ ಗಾಜಿನ ಮೇಲೆ ಬೆವರಿನ ಎರಡು ಅಂಗೈ. ನಿಂತಾನ್ರೀ ಅಕ್ಕಾರ, ನಿಂತಾನ, ಎನ್ನುತ್ತ ಮಾಳವ್ವ ದುರ್ಗಾಳನ್ನು ಬೆಂಚಿನ ಮೇಲೆ ಕೂರಿಸಿ ಓಡಿಬಂದು ನೆಟಿಕೆ ಮುರಿದು ದೃಷ್ಟಿ ತೆಗೆದಳು, ಶಾಬಾಸ್ ಎಂದರು ಸಾಹೇಬರು, ಮತ್ತು ಸುಮೇಧಾ, ಮಗನ ಕಣ್ಣು ಇನ್ನೂ ತನ್ನ ಮೇಲಿರುವಾಗಲೇ, ಇಲ್ರಿ ಸಾಹೇಬ್ರ, ಅವಂಗ ನಿಲ್ಲಾಕ ಬರೂದಿಲ್ರಿ ಎಂದಳು. ನಿಂತಾನಲ್ರಿ ತಾಯಿ, ಕಣ್ಣ ಮುಂದ. ಇದು ಖರೇ ನಿಂತದ್ದಲ್ರಿ, ಆಟಾ ಆಡಾಕತ್ತಾನ, ಏಕು, ಕೂಡು. ಕೂಡಂದ್ರ ಕೂಡೋ! ವ್ಯಾನು ನಿಂತಿತೆಂದು ತಕರಾರು ಕೊಟ್ಟವಳು ಮಗ ನಿಂತನೆಂದೂ ತಕರಾರು ಮಾಡಿದಳು, ಬೇರೆ ಯಾರದೋ ಕಥೆಯಾಗಿದ್ದರೆ ಇದನ್ನೂ ಆಡಿ ತೋರಿಸಿ ನಗಿಸುತ್ತಿದ್ದಳು. ಮೊದಲು ನಗು ಹೋಯಿತು ಅವನ ಮುಖದಿಂದ, ನಗುವಿನ ಹಿಂದೆ ಮೊಣಕಾಲು, ಧೊಪ್ಪನೆ ಕುರ್ಚಿಗೆ. ಸುಧಾರಿಸ್ಯಾನ್ರಿ, ಇನ್ನ ವ್ಯಾನ್ ಯಾಕ, ನಡಕೋತ ಹೋಗ್ತಾನ ಎಂದರು ಸಾಹೇಬರು, ಸಿಟ್ಟಿನಿಂದಲ್ಲ, ಒಳ್ಳೇದೇ ಆಯಿತೆಂಬಂತೆ. ದುರ್ಗಾಗೆ ವ್ಯಾನು ಸಿಕ್ಕಿತು, ಮಾಳವ್ವ ಕಣ್ಣೊರಸಿಕೊಂಡದ್ದು ಮಗಳಿಗಾಗಿಯೋ ಏಕುವಿಗಾಗಿಯೋ.

ವ್ಯಾನು ಹೋಗಲಿ, ವ್ಯಾನಿಗೆ ಇನ್ನೊಂದು ತಕರಾರು ಬರೆಯಬಹುದು, ಮೇಲಿನವರಿಗೆ, ಅವರ ಮೇಲಿನವರಿಗೆ, ಇದಕ್ಕೆ ಯಾವ ಆಫೀಸು, ಯಾರ ಮುಂದೆ ನಿಂತು ಹೇಳುವುದು, ಎಷ್ಟು ಸಂಜೆ ಕಾದ ಗಳಿಗೆ ಕಣ್ಣೆದುರಿಗೆ ಬಂದಾಗ ಮಾಳವ್ವ ಹುಡುಗನನ್ನು ನೋಡಿದಳು, ಸಾಹೇಬರು ಹುಡುಗನನ್ನು ನೋಡಿದರು, ತಾನೊಬ್ಬಳು ವ್ಯಾನು ನೋಡಿದಳು. ಯಾವ ಕಡಿ ಹೊಳ್ಳಸ್ಲಿರಿ ಬಾಯಾರ — ಕಮರುದ್ದೀನ, ಆಟೋದವನು, ಓಣಿಯಲ್ಲಿ ಎಲ್ಲರಿಗೂ ಗೊತ್ತಿರುವವನು — ಎಡಕ್ಕ ಹೊಳ್ಳಸಪಾ. ಇವತ್ತ ಯಾಕ್ರೀ ತಮ್ಮಾ ಸುಮ್ಮನದಾನ, ನನ್ನ ಹಾರ್ನಿಗೆ ಹಾರ್ನ್ ಹೊಡಿಯಾಂವ? ದಣದಾನ. ದಣಿದಿಲ್ಲ, ಕೇಳಿಸಿಕೊಳ್ಳುತ್ತಿದ್ದಾನೆ, ಈಗ ತಿರುಗುತ್ತಾನೆ. ಆಯಿ. ಏನಪಾ? ನಾ ನಿಂತಿದ್ನೋ ಇಲ್ಲೋ? ಅವಳಿಗೆ ತಿಳಿಯುವ ಮೊದಲೇ ಗಂಟಲು ಕೆಮ್ಮುತ್ತದೆ, ಹ್ಞಂ ಹ್ಞಂ, ಶಾಬಾಸ್ ತಮ್ಮಾ — ಅದು ಬ್ಯಾಡ. ಸಾಹೇಬ್ರ ದನಿ ಬ್ಯಾಡ. ನೀ ಹೇಳು. ಬಾಯಿ ತೆರೆಯುತ್ತಾಳೆ, ಗಂಟಲ ತುಂಬ ಜನ, ಸಾಹೇಬರು, ಶಶಿಕಾಂತ, ಗಣಿತದ ಮಾಸ್ತರ, ಎಲ್ಲರೂ ಇದ್ದಾರೆ, ತನ್ನ ದನಿ ಇವತ್ತು ಒಂದೇ ಮಾತಿಗೆ ಹೊರಟಿತ್ತು, ಅವಂಗ ನಿಲ್ಲಾಕ ಬರೂದಿಲ್ರಿ, ಅದೇ ದನಿಯಿಂದ ಈಗ ನಿಂತಿದ್ದಿ ಏಕು ಎನ್ನಬೇಕು, ನಿಂತಿದ್ದಿ, ನಾ ನೋಡಿದೆ ಎನ್ನಬೇಕು, ನೋಡಿದೆನೇ, ಏನು ನೋಡಿದೆ — ಆಫೀಸಿನ ಆ ಮೇಜಿನ ಗಾಜು, ಗಾಜಿನ ಮೇಲೆ ಎರಡು ಅಂಗೈ, ಮೇಲೆ ತಿರುಗುವ ಫ್ಯಾನು, ಬೆರಳ ತುದಿಗಳು ಮೊದಲು ಆರುತ್ತವೆ, ಆಮೇಲೆ ಬೆರಳು, ಆಮೇಲೆ ನಡು, ಎಡಗೈಯ ಹೆಬ್ಬೆರಳಿನ ಬುಡದಲ್ಲಿ ಇಷ್ಟೇ ಇಷ್ಟು ಒದ್ದೆ, ಇನ್ನೂ ಇದೆ, ಇನ್ನೂ, ಗಾಜಿನ ಮೇಲೆ