ಹೊರಗೆ ಹೋಗುವವರ ಕ್ಯಾಮೆರಾ

ಮನೆಯಲ್ಲಿ ಕೂತವರಿಗೆ ಬಿಡುವು ಜಾಸ್ತಿ ಎಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಯಾರೇ ಆಗಿರಲಿ, ಒಂದು ದಿನ ಮರಿಯ ಕೈಗೆ ಸಿಕ್ಕರೆ ಅವರ ಗತಿ ಅಷ್ಟೇ.

ಮರಿ ಎಂದರೆ ಆ ಮನೆಯ ಕೊನೆಯ ಮಗಳು. ವಯಸ್ಸು ಐವತ್ತರ ಹೊಸ್ತಿಲಿಗೆ ಬಂದಿದೆ, ತಲೆ ಅರ್ಧ ಬೆಳ್ಳಗಾಗಿದೆ, ಮಂಡಿ ಆಗಲೇ ದೂರು ಹೇಳಲು ಶುರುಮಾಡಿದೆ. ಆದರೂ ಅಪ್ಪನಿಗೆ, ಅಣ್ಣನಿಗೆ, ಅಕ್ಕನಿಗೆ ಅವಳು ಮರಿಯೇ. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಬಿದ್ದುಹೋದಾಗ, ನೋಡಿಕೊಳ್ಳುವ ಕೆಲಸವನ್ನು ಯಾರೂ ಅವಳಿಗೆ ವಹಿಸಲಿಲ್ಲ. ಮದುವೆಯಾಗದೆ ಮನೆಯಲ್ಲೇ ಉಳಿದಿದ್ದಳಲ್ಲ, ಅದು ತಾನಾಗಿಯೇ ಹೆಗಲೇರಿ ಕೂತಿತು. ಆಮೇಲೆ ಇಳಿಯಲೇ ಇಲ್ಲ.

ಅಪ್ಪನ ಮಂಚದ ಪಕ್ಕದಲ್ಲೇ ಅವಳ ಹೊಲಿಗೆ ಮೆಷಿನ್ನು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕಿತ್ತುಹೋದ ಜಿಪ್ಪು ಬದಲಿಸುವುದು, ದಪ್ಪಗಾದವರ ಬಟ್ಟೆ ಸಡಿಲ ಮಾಡುವುದು, ಸಣ್ಣಗಾದೆವೆಂದು ಬೀಗುವವರದ್ದು ಬಿಗಿ ಮಾಡುವುದು, ಇದು ಕಸುಬು. ಒಂದು ಹೊಲಿಗೆ ಮುಗಿಯುವುದರೊಳಗೆ "ಮರೀ" ಎಂಬ ಕೂಗು. ನೀರು. ದಿಂಬು. ಕಿಟಕಿ ತೆಗಿ. ಕಿಟಕಿ ಹಾಕು. ಕೆಲವು ಸಲ ಏನೂ ಬೇಕಿರುವುದಿಲ್ಲ, ಇದ್ದಾಳೋ ಇಲ್ಲವೋ ನೋಡಲು ಒಂದು ಕೂಗು. ಕತ್ತಲಾದ ಮೇಲೂ ಹಾಗೆಯೇ. ಪೂರ್ತಿ ನಿದ್ದೆ ಮಾಡಿ ಎಷ್ಟು ಕಾಲವಾಯಿತೆಂದು ಕೇಳಿದರೆ ಅವಳು ಹೇಳಲಾರಳು.

ಬೇರೆ ಮನೆ ಮಾಡಿಕೊಂಡಿದ್ದ ಅಣ್ಣ ಅತ್ತಿಗೆಯ ಮದುವೆಗೆ ಮೂವತ್ತು ವರ್ಷ ತುಂಬುತ್ತಿತ್ತು. ಊರಾಚೆ ದೊಡ್ಡದೊಂದು ಕೆರೆ, ದಡದಲ್ಲಿ ತೋಟ, ತಿರುಗಾಡಲು ದೋಣಿ. ಒಂದು ವ್ಯಾನು ಮಾಡಿಕೊಂಡು ಭಾನುವಾರ ಎಲ್ಲರೂ ಹೋಗುವುದೆಂದು ತೀರ್ಮಾನವಾಯಿತು. ಎಲ್ಲರೂ ಎಂದರೆ ಮರಿಯನ್ನೂ ಅಪ್ಪನನ್ನೂ ಬಿಟ್ಟು ಉಳಿದವರು, ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಟ್ಟ ಮನಸ್ಸು ಯಾರಿಗೂ ಇಲ್ಲ, ಪಾಪ. ಪ್ರತಿ ಸಲ ಹೋಗಿಬಂದು ಮೊಬೈಲಿನಲ್ಲಿ ತೆಗೆದ ವಿಡಿಯೋ ಕಳಿಸುತ್ತಾರೆ. ಅರ್ಧ ಆಕಾಶ, ಅರ್ಧ ಅಣ್ಣನ ಹೆಬ್ಬೆರಳು, ಮಧ್ಯೆ ಗಾಳಿಯ ಭರ್ರೆನ್ನುವ ಸದ್ದು. ಹೋದ ಸಲ ಅಪ್ಪ ನೋಡಿ, "ಯಾರೂ ಕಾಣಲ್ಲ, ಯಾರ ಮಾತೂ ಕೇಳಲ್ಲ" ಎಂದು ಮುಖ ತಿರುಗಿಸಿದ್ದರು.

ಅದಕ್ಕೇ ಅಣ್ಣನಿಗೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಜ್ಞಾನೋದಯವಾಯಿತು.

"ಒಂದು ಸಣ್ಣ ವಿಡಿಯೋ ಕ್ಯಾಮೆರಾನೇ ತಗೊಂಡುಬಿಡೋಣ. ಎಲ್ಲಿಗೆ ಹೋದ್ರೂ, ಯಾವ ಫಂಕ್ಷನ್ ಆದ್ರೂ ಉಪಯೋಗಕ್ಕೆ ಬರುತ್ತೆ. ಅಪ್ಪ, ಮರಿ ಇಬ್ರೂ ಮನೇಲೇ ಆರಾಮಾಗಿ ಕೂತು ನೋಡಬಹುದು. ಅವರೂ ಬಂದ ಹಾಗೇ ಆಯ್ತಲ್ಲ!"

ಅಕ್ಕ ಚಪ್ಪಾಳೆಯ ಚಿತ್ರ ಹಾಕಿದಳು, ಅತ್ತಿಗೆ ಹೃದಯದ್ದು. ಆಮೇಲೆ ಬಿಟ್ಟಿ ಸಲಹೆಗಳ ಸುರಿಮಳೆ. ಅಣ್ಣನಿಗೆ ಫೋರ್ ಕೆ ಬೇಕು. ಹಾಗೆಂದರೇನು ಎಂದು ಕೇಳಿದರೆ, ಅದಿಲ್ಲದ್ದನ್ನು ಈಗ ಯಾರೂ ತಗೊಳ್ಳಲ್ಲ ಎಂಬುದೇ ಉತ್ತರ. ಅಕ್ಕನಿಗೆ ದೂರದ್ದನ್ನು ಹತ್ತಿರಕ್ಕೆ ತರುವ ಝೂಮ್ ಬೇಕು. ಅತ್ತಿಗೆಯ ಕೈಚೀಲದಲ್ಲಿ ಅದು ಹಿಡಿಯಬೇಕು, ಮತ್ತು ಅದರಲ್ಲಿ ಅವಳ ಮುಖ ಅಗಲವಾಗಿ ಕಾಣಬಾರದು. ಬೆಲೆ ಕಡಿಮೆ ಇರಬೇಕೆನ್ನುವ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಕೊನೆಗೆ ಅಣ್ಣ, "ನಮಗೆಲ್ಲ ಆಫೀಸು. ಮರಿ ಹೇಗೂ ಮನೇಲೇ ಇರ್ತಾಳಲ್ಲ, ಅವಳೇ ಹೋಗಿ ನೋಡಿ ತರಲಿ" ಎಂದು ಬರೆದ.

ಮನೆಯಲ್ಲೇ ಇರುವವಳು, ಆದ್ದರಿಂದ ಪೇಟೆಗೆ ಹೋಗಿಬರಲಿ! ಈ ಲೆಕ್ಕವನ್ನು ಯಾವ ಶಾಲೆಯಲ್ಲಿ ಹೇಳಿಕೊಡುತ್ತಾರೋ ಆ ದೇವರಿಗೇ ಗೊತ್ತು. ಮರಿಗೆ ಬೇಕಾಗಿದ್ದದ್ದು ಆ ವ್ಯಾನಿನಲ್ಲಿ ಒಂದು ಸೀಟು. "ನಾನೂ ಬರ್ಲಾ" ಎಂದು ಬರೆದಳು, ನೋಡಿದಳು, ಅಳಿಸಿದಳು. "ಸರಿ" ಎಂದು ಬರೆದು ಕಳಿಸಿದಳು.

ಮಾರನೆಯ ದಿನ ಪಕ್ಕದ ಮನೆಯಾಕೆಯನ್ನು ಅಪ್ಪನ ಹತ್ತಿರ ಕೂರಿಸಿ ಹೊರಟಳು. ಕ್ಯಾಮೆರಾ ಅಂಗಡಿ ಎರಡು ದೊಡ್ಡ ಅಂಗಡಿಗಳ ನಡುವೆ ಮೈ ಹಿಡಿ ಮಾಡಿಕೊಂಡು ನಿಂತಿತ್ತು. ಗಾಜಿನ ಕಪಾಟಿನ ಹಿಂದೆ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡ ನಡುವಯಸ್ಸಿನ ಅಂಗಡಿಯವನು.

"ಸಣ್ಣದೊಂದು ವಿಡಿಯೋ ಕ್ಯಾಮೆರಾ ಬೇಕಿತ್ತು. ಹೊರಗೆ ಹೋದಾಗ, ಫಂಕ್ಷನ್‌ಗೆ. ಜಾಸ್ತಿ ದುಡ್ಡಿನದ್ದು ಬೇಡ."

ಅವನು ಮೂರನ್ನು ತೆಗೆದು ಮುಂದಿಟ್ಟ. ಮೊದಲನೆಯದು ಬೆಂಕಿಪೊಟ್ಟಣದಷ್ಟು. "ಇದು ನೀರಿಗೆ ಬಿದ್ರೂ ಏನೂ ಆಗಲ್ಲ ಮೇಡಂ. ಬೆಟ್ಟ ಹತ್ತೋರು, ಸೈಕಲ್ ಓಡಿಸೋರು ತಲೆಗೆ ಕಟ್ಕೋತಾರೆ."

"ನಮ್ಮನೇಲಿ ಯಾರೂ ತಲೆ ಉಪಯೋಗಿಸಲ್ಲ. ಬೇರೆ ತೋರಿಸಿ."

ಅವನು ನಕ್ಕು ಎರಡನೆಯದನ್ನು ಎತ್ತಿಕೊಂಡ. ಅದರಲ್ಲಿ ಅಣ್ಣನ ಫೋರ್ ಕೆ ಇತ್ತು, ಅದಕ್ಕೆ ತಕ್ಕ ಬೆಲೆಯೂ ಇತ್ತು. ಮನೆಯ ಟಿವಿ ಎಂಥದ್ದು ಎಂದು ವಿಚಾರಿಸಿ, "ಆ ಹಳೇ ಟಿವೀಲಿ ನೋಡೋಕೆ ಇದು ತಗೊಂಡ್ರೆ ದುಡ್ಡು ನೀರಿಗೆ ಹಾಕಿದ ಹಾಗೆ" ಎಂದು ತಾನೇ ಪಕ್ಕಕ್ಕೆ ಸರಿಸಿದ. ಮರಿಗೆ ಅವನ ಮೇಲೆ ನಂಬಿಕೆ ಬಂತು. ಮೂರನೆಯದು ಅಂಗೈ ತುಂಬುವಷ್ಟು. ಕೈ ತೂರಿಸಲು ಪಟ್ಟಿ, ಪಕ್ಕಕ್ಕೆ ಬಾಗಿಲಿನ ಹಾಗೆ ತೆರೆಯುವ ಸ್ಕ್ರೀನು, ಸಾಕಷ್ಟು ಝೂಮು. ಕೈ ಅಲುಗಿದರೂ ಚಿತ್ರ ಅಷ್ಟಾಗಿ ಅಲುಗುವುದಿಲ್ಲವಂತೆ. ಮೈಕಿಗೆ ಸಿಕ್ಕಿಸುವ ಸ್ಪಂಜಿನ ಟೋಪಿ ಹಾಕಿದರೆ ಗಾಳಿಯ ಸದ್ದೂ ಕಡಿಮೆ.

"ಮಾಡೆಲ್ ಸ್ವಲ್ಪ ಹಳೇದು, ಅದಕ್ಕೇ ಈ ರೇಟು. ಇನ್ನೊಂದು ಬ್ಯಾಟರಿ ಮಾತ್ರ ತಗೊಂಡಿಟ್ಕೊಳ್ಳಿ, ಅರ್ಧ ದಾರೀಲಿ ಕೈ ಕೊಡೋದು ಅದೇ. ಯಾರು ತೆಗೀತಾರೆ, ನೀವಾ?"

"ಇಲ್ಲ, ಹೋಗೋರು ತೆಗೀತಾರೆ. ನಾನು ನೋಡೋಳು."

ಅವನಿಗೆ ಅರ್ಥವಾದಂತೆ ಕಾಣಲಿಲ್ಲ. ಸೌಂಡು ಹೇಗೆ ಬರುತ್ತೆ ನೋಡಿ ಎಂದು ಕ್ಯಾಮೆರಾವನ್ನು ಅವಳ ಕಡೆ ತಿರುಗಿಸಿದ. "ಏನಾದ್ರೂ ಮಾತಾಡಿ. ಬೆಳಿಗ್ಗೆಯಿಂದ ಏನು ಮಾಡಿದ್ರಿ, ಅದನ್ನೇ ಹೇಳಿ."

"ಬೆಳಿಗ್ಗೆ ಅಪ್ಪನಿಗೆ ಮೈ ಒರೆಸಿದೆ. ಹಾಸಿಗೆ ಬದಲಾಯಿಸಿದೆ. ತಿಂಡಿ ತಿನ್ನಿಸಿದೆ, ಮಾತ್ರೆ ಕೊಟ್ಟೆ. ಒಂದು ಪ್ಯಾಂಟು ಹೊಲಿದೆ. ಮತ್ತೆ ಹಾಸಿಗೆ ಬದಲಾಯಿಸಿದೆ. ಇದನ್ನ ತಗೊಳ್ಳೋಣ ಅಂತ ಬಂದೆ. ಭಾನುವಾರ ಅವರೆಲ್ಲ ಹೋಗ್ತಾರೆ, ಅದಕ್ಕೆ." ಅಲ್ಲಿಗೆ ನಿಲ್ಲಿಸಬೇಕಿತ್ತು. ನಾಲಿಗೆ ನಿಲ್ಲಲಿಲ್ಲ. "ನನಗೂ ಹೋಗ್ಬೇಕು ಕಣ್ರೀ. ಒಂದೇ ಒಂದು ದಿನ. ಬರ್ತೀಯಾ ಅಂತ ಒಬ್ರೂ ಒಂದು ಮಾತು ಕೇಳಲ್ಲ."

ಅಂಗಡಿಯವನು ಗುಂಡಿ ಒತ್ತಿ ಅದನ್ನೇ ಮತ್ತೆ ಹಾಕಿ ತೋರಿಸಿದ. ಸ್ಕ್ರೀನಿನಲ್ಲಿ ಒಬ್ಬ ಹೆಂಗಸು, ಕಣ್ಣಿನ ಕೆಳಗೆ ಕಪ್ಪು, ಭುಜಕ್ಕೆ ಅಂಟಿದ ದಾರದ ತುಂಡು. ಅವಳ ಒಂದೊಂದು ಮಾತೂ ಚೆನ್ನಾಗಿ ಕೇಳಿಸಿತು. ಅಯ್ಯೋ ದೇವರೇ, ಇಷ್ಟು ಸುಸ್ತಾಗಿದ್ದೀನಾ ನಾನು, ಎಂದುಕೊಂಡಳು ಮರಿ. ಬೇರೆ ಯಾರನ್ನೋ ನೋಡಿ ಅಯ್ಯೋ ಪಾಪ ಎನ್ನುವ ಹಾಗಾಯಿತು.

"ಸೌಂಡು... ಚೆನ್ನಾಗೇ ಬಂದಿದೆ" ಎಂದ ಅವನು, ಕಿವಿ ತುರಿಸಿಕೊಳ್ಳುತ್ತ.

"ಇದನ್ನೇ ಕೊಡಿ. ಈಗ ತೆಗೆದದ್ದು ಅಳಿಸಿಬಿಡಿ."

ಅವನು ಅಳಿಸಿದ. ಅವಳ ಕಿವಿಯಲ್ಲಿ ಮಾತ್ರ ಅದು ದಾರಿಯುದ್ದಕ್ಕೂ ಗುಂಯ್‌ಗುಟ್ಟಿತು. ಮೊದಲು ನಾಚಿಕೆಯಾಯಿತು, ಮನೆಯ ತಿರುವು ಬರುವಷ್ಟರಲ್ಲಿ ಕೋಪ ಬಂತು. ಯಾರೋ ಗುರುತಿಲ್ಲದ ಅಂಗಡಿಯವನ ಮುಂದೆ ಹೇಳಲು ಬರುತ್ತದೆ, ಒಡಹುಟ್ಟಿದವರ ಮುಂದೆ ಹೇಳಲು ಬಾಯಿಗೆ ಏನು ಬಡಿದಿದೆ? ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ನಿಂತು ಗುಂಪಿಗೆ ಬರೆದಳು: "ಕ್ಯಾಮೆರಾ ತಂದಿದ್ದೀನಿ. ಭಾನುವಾರ ನಾನೂ ಬರ್ತೀನಿ. ಅಪ್ಪನ ಹತ್ರ ಯಾರಾದ್ರೂ ಇರಿ."

ಗುಂಪು ಗಪ್‌ಚಿಪ್. ಫೋರ್ ಕೆ ಬಗ್ಗೆ ಇಡೀ ದಿನ ವಾದ ಮಾಡಿದವರಿಗೆಲ್ಲ ಒಟ್ಟಿಗೇ ಬಾಯಿ ಕಟ್ಟಿತು. ಎಲ್ಲರೂ ಓದಿದ್ದಾರೆಂದು ನೀಲಿ ಗೀಟುಗಳು ಚಾಡಿ ಹೇಳುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಅಣ್ಣ, "ಅಯ್ಯೋ, ಬರೋದಾದ್ರೆ ಬಾ, ಯಾರು ಬೇಡ ಅಂದ್ರು? ಆದ್ರೆ ಅಪ್ಪಂಗೆ ನೀನಿಲ್ದೆ ಆಗಲ್ವಲ್ಲ" ಎಂದ. "ಒಂದು ದಿನಕ್ಕೆ ನರ್ಸ್ ಸಿಗ್ತಾರಾ?" ಎಂದಳು ಅಕ್ಕ. ಆಗ ಅಕ್ಕನ ಗಂಡ, ಗುಂಪಿನಲ್ಲಿ ಶುಭೋದಯ ಬಿಟ್ಟು ಬೇರೇನನ್ನೂ ಬರೆಯದ ಭಾವ, ಬರೆದರು: "ಮಾವನ ಹತ್ರ ನಾನಿರ್ತೀನಿ. ನನಗೆ ವ್ಯಾನು ಹತ್ತಿದ್ರೆ ವಾಂತಿ. ಇಷ್ಟು ವರ್ಷ ಹೇಳೋಕೆ ಧೈರ್ಯ ಬಂದಿರ್ಲಿಲ್ಲ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಮರಿಗೆ ತಿಳಿಯಲಿಲ್ಲ. ಇಷ್ಟೇನಾ? ಇಷ್ಟು ವರ್ಷ ಅವರು ಬಾಯಿ ಮುಚ್ಚಿಕೊಂಡು ವ್ಯಾನಿನಲ್ಲಿ ಒದ್ದಾಡಿದರು, ನಾನು ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಒದ್ದಾಡಿದೆ. ಹೊಸ್ತಿಲ ಮೇಲೆ ಕುಸಿದು ಕೂತಳು. ಗೆದ್ದ ಸಂತೋಷಕ್ಕಿಂತ, ಕಳೆದುಹೋದ ಭಾನುವಾರಗಳ ಸಂಕಟವೇ ಹೆಚ್ಚಾಗಿತ್ತು.

"ಮರೀ" ಎಂದು ಒಳಗಿನಿಂದ ಕೂಗು ಬಂತು. ಎದ್ದು ಹೋದಳು.

ಶನಿವಾರ ಭಾವ ಬಂದು ಎಲ್ಲ ಕಲಿತುಕೊಂಡರು: ಅಪ್ಪನನ್ನು ಯಾವ ಮಗ್ಗುಲಿಗೆ ಹೊರಳಿಸಬೇಕು, ಮಾತ್ರೆಯನ್ನು ಹೇಗೆ ಪುಡಿ ಮಾಡಬೇಕು, ನುಂಗುವಾಗ ಕೆಮ್ಮು ಬಂದರೆ ಏನು ಮಾಡಬೇಕು. ಅಪ್ಪನಿಗೆ ಸುತರಾಂ ಒಪ್ಪಿಗೆಯಿಲ್ಲ. "ಅವನ್ಯಾಕೆ? ನೀನೆಲ್ಲಿಗೆ ಹೋಗ್ತೀಯ?" ಎಂದು ಅದನ್ನೇ ಮತ್ತೆ ಮತ್ತೆ ಕೇಳಿದರು. ಭಾನುವಾರ ಬೆಳಿಗ್ಗೆ ಅವಳು ಹೋಗಿಬರ್ತೀನಿ ಎಂದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮರಿ ಬಾಗಿಲಲ್ಲೇ ತಿರುಗಿ ನಿಂತಳು. ಇನ್ನೇನು ಹಿಂದಕ್ಕೆ ಬಂದೇಬಿಡುತ್ತಾಳೆ ಎನ್ನುವಷ್ಟರಲ್ಲಿ ಭಾವ ಬಾಗಿಲಿಗೆ ಅಡ್ಡ ನಿಂತರು. "ಹೋಗಮ್ಮಾ ತಾಯಿ. ನೀನು ಹೋಗ್ಲಿಲ್ಲ ಅಂದ್ರೆ ನಿಮ್ಮಕ್ಕ ನನ್ನ ವ್ಯಾನು ಹತ್ತಿಸ್ತಾಳೆ."

ವ್ಯಾನಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅಣ್ಣ ಕ್ಯಾಮೆರಾವನ್ನು ಅವಳ ಕೈಗೇ ಕೊಟ್ಟು, "ನೀನೇ ಆರಿಸಿದ್ದು, ನೀನೇ ತೆಗಿ" ಎಂದ. ಕೆರೆ ಬಂತು. ಅಣ್ಣ ಅತ್ತಿಗೆ ದೋಣಿ ಹತ್ತುವುದನ್ನು ತೆಗೆದಳು, ದೋಣಿ ವಾಲಿದಾಗ ಅತ್ತಿಗೆ ಕಿಟಾರನೆ ಕಿರುಚಿದ್ದನ್ನು ತೆಗೆದಳು, ಅಕ್ಕ ಬಾತುಕೋಳಿಗಳಿಗೆ ಬ್ರೆಡ್ಡು ಹಾಕುತ್ತ ಒಂದು ತುಂಡು ತಾನೂ ಬಾಯಿಗೆ ಹಾಕಿಕೊಂಡದ್ದನ್ನೂ ತೆಗೆದಳು. ಅತ್ತಿಗೆ ಮರದ ಕೆಳಗೆ ಚಾಪೆ ಹಾಸಿದ್ದಳು. ಐದು ನಿಮಿಷ ಕಾಲು ಚಾಚ್ತೀನಿ ಎಂದು ಕ್ಯಾಮೆರಾವನ್ನು ಅಣ್ಣನಿಗೆ ಕೊಟ್ಟು ಮರಿ ಅಲ್ಲಿ ಒರಗಿದಳು. ಯಾರೂ ಕೂಗಲಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು. ಬುಟ್ಟಿಗಳು ವ್ಯಾನಿಗೆ ಹೋಗುತ್ತಿದ್ದವು. ಅವಳ ಮೈಮೇಲೆ ಯಾರದೋ ಶಾಲು. ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕೇಕು ಕತ್ತರಿಸಿ ಆಗಿತ್ತು, ಊಟ ಆಗಿತ್ತು, ಆಟ ಆಗಿತ್ತು. ಎಲ್ಲ ಮುಗಿದಿತ್ತು.

"ಎಬ್ಬಿಸಬಾರದಿತ್ತಾ ಅಣ್ಣ?" ಎಂದಳು. ಎಷ್ಟು ತಡೆದರೂ ಅಳು ಬಂದೇಬಿಟ್ಟಿತು. "ಅಷ್ಟೆಲ್ಲ ರಂಪ ಮಾಡ್ಕೊಂಡು ಬಂದು ಇಲ್ಲಿ ಬಿದ್ಕೊಳ್ಳೋದಾ? ಯಾವ ಭಾಗ್ಯಕ್ಕೆ ಬಂದೆ ನಾನು?"

ಅಣ್ಣ ಇನ್ನೊಂದು ಚಾಪೆ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ. "ಕೇಕ್ ಹೊತ್ತಿಗೆ ಎಬ್ಬಿಸೋಣ ಅಂತಾನೇ ಬಂದೆ. ಪಕ್ಕದಲ್ಲಿ ಕೂತೆ." ಚಾಪೆ ಸೊಟ್ಟಗಾಯಿತು; ಬಿಚ್ಚಿ ಮತ್ತೆ ಸುತ್ತಿದ. "ಆಗ್ಲಿಲ್ಲ ಕಣೇ."

ಮನೆಯಲ್ಲಿ ಭಾವ ಬೆವೆತು ತೊಪ್ಪೆಯಾಗಿದ್ದರು. "ಮರಿ, ಮರಿ ಅಂತ ಒಂದೇ ಸಮ ಕೂಗಿದ್ರು. ನಾನೇ ಮರಿ ಅಂದೆ. ನಂಬಲಿಲ್ಲ" ಎಂದರು. ಅಪ್ಪನ ಮುಖ ಇನ್ನೂ ಊದಿಕೊಂಡೇ ಇತ್ತು. ಅವಳ ಕಡೆ ನೋಡಲೂ ಇಲ್ಲ. ಅಣ್ಣ ಕ್ಯಾಮೆರಾದ ವೈರನ್ನು ಟಿವಿಗೆ ಸಿಕ್ಕಿಸಿದ. ಅಪ್ಪನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು.

ದೋಣಿ ಬಂತು, ಅತ್ತಿಗೆಯ ಕಿರುಚಾಟ ಬಂತು. ಅಪ್ಪನಿಗೆ ಎಲ್ಲ ಕಂಡಿತು, ಎಲ್ಲ ಕೇಳಿಸಿತು. ಅಕ್ಕ ಬ್ರೆಡ್ಡು ತಿಂದಾಗ ಅವರ ಬಾಯಿಯ ಒಂದು ಮೂಲೆ ನಗುವಿಗೆ ಅರಳಿತು. ಕೇಕು, ಚಪ್ಪಾಳೆ. ಆಮೇಲೆ ಒಂದು ಮರ. ಮರದ ಕೆಳಗೆ ಮಗ್ಗುಲಾಗಿ ಮಲಗಿದ ಹೆಂಗಸು, ಬಾಯಿ ಸ್ವಲ್ಪ ತೆರೆದಿದೆ, ಒಂದು ಚಪ್ಪಲಿ ಕಾಲಲ್ಲೇ ಇದೆ. ಕೆನ್ನೆಯ ಮೇಲೆ ಒಂದು ಎಲೆ ಬಿತ್ತು. ಅವಳಿಗೆ ಅದರ ಪರಿವೆಯೇ ಇಲ್ಲ. ತೆಗೆದವನು ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸಿರಲಿಲ್ಲ. ಬೇರೆ ಏನನ್ನೂ ತೆಗೆಯುವ ಮನಸ್ಸಿಲ್ಲದವನಂತೆ ಅದನ್ನೇ ತೆಗೆಯುತ್ತ ಕೂತಿದ್ದ.

ಅಕ್ಕ ಕಿಸಕ್ಕನೆ ನಕ್ಕಳು. ಮರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಇದನ್ನೆಲ್ಲ ಯಾರು ತೆಗಿ ಅಂದ್ರು? ಆರಿಸಣ್ಣಾ ಅದನ್ನ!" ಎಂದು ಬಾಗಿಲ ಬಳಿಯಿಂದಲೇ ಕೂಗಿದಳು.

ಅಪ್ಪ ಟಿವಿಯಿಂದ ಕಣ್ಣು ಕೀಳಲಿಲ್ಲ. ಆಡುವ ಎಡಗೈಯನ್ನು ಮೆಲ್ಲಗೆ ಎತ್ತಿ, ಬೆರಳನ್ನು ತುಟಿಯ ಮೇಲಿಟ್ಟರು.

"ಶ್. ಸದ್ದು ಮಾಡ್ಬೇಡ್ರೋ. ಮರಿ ಮಲಗಿದ್ದಾಳೆ."

ಅಣ್ಣ ಟಿವಿಯ ಸದ್ದನ್ನು ಪೂರ್ತಿ ಇಳಿಸಿದ. ಮರಿ ಬಾಗಿಲ ಬಳಿ, ಇಟ್ಟ ಹೆಜ್ಜೆಯನ್ನು ಕದಲಿಸದೆ, ಉಸಿರು ಬಿಗಿಹಿಡಿದು ಹಾಗೇ ನಿಂತಳು.